ಅಳಿಯನಿಗೆ ಎಂಟು

ಗುರುಲಿಂಗಯ್ಯನವರು ತಮ್ಮ ಅಳಿಯನ ಬೆಲೆಯನ್ನು ಹದಿಮೂರರಿಂದ ಎಂಟಕ್ಕೆ ಇಳಿಸಿದ ವಾರದಿಂದ ಶಹಾಬಾದಿನಲ್ಲಿದ್ದ ಮಗಳು ಭಾಗ್ಯಜ್ಯೋತಿ ಫೋನು ಮಾಡುವುದನ್ನು ಬಿಟ್ಟಳು. ಅಳಿಯ ಮಹೇಶಕುಮಾರ ರವಿವಾರದ ಊಟಕ್ಕೆ ಬರುವುದನ್ನು ಬಿಟ್ಟ. ಹೆಂಡತಿ ವಿಮಲಾಬಾಯಿ ಮಾತ್ರ ಮಾತು ಬಿಡಲಿಲ್ಲ. ಅವರೂ ಬಿಟ್ಟಿದ್ದರೆ ಮನೆಯಲ್ಲಿ ಒಂದಿಷ್ಟು ನೆಮ್ಮದಿಯಾದರೂ ಇರುತ್ತಿತ್ತು ಎಂದು ಗುರುಲಿಂಗಯ್ಯನವರಿಗೆ ಅನ್ನಿಸಿದ್ದುಂಟು.

ಬೆಲೆ ಅಂದರೆ ಇಲ್ಲಿ ದುಡ್ಡಲ್ಲ, ಫುಟ್‌ಬಾಲಿನ ಒಂದು ಅಂಕಿ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ ಈ ಐದು ಊರುಗಳ ತಂಡಗಳು ದೀಪಾವಳಿ ಕಳೆದ ಮೇಲೆ ಕಾಗಿಣಾ ಕಪ್ ಎಂದು ಒಂದೊಂದು ತಂಡದ ಮೇಲೂ ಎರಡೆರಡು ಸಲ ಆಡುತ್ತವೆ. ವಾಡಿ ಸ್ಟೇಷನ್ನಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ತಾರೀಕ ಅದಕ್ಕೊಂದು ಫ್ಯಾಂಟಸಿ ಆಟ ಕಟ್ಟಿದ. ಮನೆಯಲ್ಲಿ ಕೂತವರು ತಮ್ಮ ಫೋನಿನಲ್ಲಿ ಐದೂರಿನ ಆಟಗಾರರ ಪೈಕಿ ಹನ್ನೊಂದು ಮಂದಿಯನ್ನು ಆರಿಸಿಕೊಂಡು ತಮ್ಮದೇ ಒಂದು ತಂಡ ಮಾಡಬೇಕು. ಮೈದಾನದಲ್ಲಿ ಅವರು ಗೋಲು ಹೊಡೆದರೆ, ಗೋಲ್‌ಕೀಪರ್ ಚೆಂಡು ತಡೆದರೆ, ಮನೆಯಲ್ಲಿ ಕೂತವರಿಗೆ ಪಾಯಿಂಟು. ಎಲ್ಲರೂ ಒಳ್ಳೊಳ್ಳೆಯವರನ್ನೇ ಆರಿಸಿಕೊಂಡರೆ ಆಟದಲ್ಲಿ ಹುರುಳಿರುವುದಿಲ್ಲ. ಅದಕ್ಕೆ ಪ್ರತಿಯೊಬ್ಬ ಆಟಗಾರನಿಗೂ ಒಂದು ಬೆಲೆ, ಆರಿಸುವವರಿಗೆ ಒಟ್ಟು ನೂರರ ಮಿತಿ. ಹೆಚ್ಚು ಗೋಲು ಹೊಡೆಯಬಹುದಾದವನ ಬೆಲೆ ಹೆಚ್ಚು. ಗೆದ್ದವರಿಗೆ ಕೊನೆಗೆ ಒಂದು ಜರ್ಸಿ, ಒಂದು ಹಾರ, ಅಷ್ಟೆ.

ಆ ಬೆಲೆ ಯಾರು ಕಟ್ಟಬೇಕು ಎಂಬ ಪ್ರಶ್ನೆ ಬಂದಾಗ ತಾರೀಕ ಸೀದಾ ಗುರುಲಿಂಗಯ್ಯನವರ ಮನೆಗೆ ಬಂದಿದ್ದ. ಅವರು ವಾಡಿಯ ರೈಲ್ವೆ ಯಾರ್ಡಿನಲ್ಲಿ ನೌಕರಿ ಮುಗಿಸಿದವರು. ಹರೆಯದಲ್ಲಿ ರೈಲ್ವೆ ತಂಡದಲ್ಲಿ ಗೋಲಿನ ಮುಂದೆ ಗೋಡೆಯ ಹಾಗೆ ನಿಲ್ಲುತ್ತಿದ್ದರು ಎಂದು ಹಳಬರು ಈಗಲೂ ಹೇಳುತ್ತಾರೆ. ಈಗ ಮೊಣಕಾಲು ಹೋಗಿದೆ, ನೋಡುವ ಚಟ ಹೋಗಿಲ್ಲ. ಮೊದಲ ವರ್ಷ ಅವರು ಕಟ್ಟಿದ ಬೆಲೆಯನ್ನು ಎಲ್ಲರೂ ಒಪ್ಪಿದರು. ಮಹೇಶಕುಮಾರನಿಗೆ ಹದಿಮೂರು ಹಾಕಿದ್ದರು, ಅವನು ಕಪ್ಪಿನಲ್ಲೇ ಅತಿ ಹೆಚ್ಚು ಗೋಲು ಹೊಡೆದ. ಆ ಸಂಕ್ರಾಂತಿಗೆ ಮಗಳು ಎಳ್ಳು ಹಚ್ಚಿದ ರೊಟ್ಟಿಯ ಗಂಟನ್ನೇ ಕಳಿಸಿದ್ದಳು.

ತೊಂದರೆ ಶುರುವಾಗಿದ್ದು ಆಮೇಲಿನ ಬಿಡುವಿನಲ್ಲಿ. ಕಪ್ ಮುಗಿದು ಮತ್ತೊಂದು ಕಪ್ ಬರುವ ತನಕ ಬಿಸಿಲು, ಮಳೆ, ಹಬ್ಬಗಳು ಹೋಗುತ್ತವೆ. ಆ ತಿಂಗಳುಗಳಲ್ಲಿ ಜನಕ್ಕೆ ಫುಟ್‌ಬಾಲ್ ಮರೆತೇಹೋಗುತ್ತದೆ. ಗುರುಲಿಂಗಯ್ಯನವರು ಮರೆಯಲಿಲ್ಲ. ಪ್ಯಾಸೆಂಜರ್ ಗಾಡಿ ಹತ್ತಿ ಚಿತ್ತಾಪುರಕ್ಕೆ, ಸೇಡಂಗೆ ಹೋದರು. ಸೇಡಂನಿಂದ ಬಸ್ಸಿನಲ್ಲಿ ಸುಲೇಪೇಟದ ಮೇಲೆ ಹಾದು ಚಿಂಚೋಳಿಗೂ ಹೋಗಿಬಂದರು. ಯಾವ ತಂಡಕ್ಕೆ ಯಾರು ಬಂದರು, ಯಾರು ಬಿಟ್ಟರು, ಯಾರ ಜಾಗ ಬದಲಾಯಿತು ಎಂದು ಮೈದಾನದ ಕಟ್ಟೆಯ ಮೇಲೆ ಕೂತು ನೋಡಿದರು. ಚಿಂಚೋಳಿಯವರು ಮೈದಾನಕ್ಕೆ ಹೊಸ ಮಣ್ಣು ಹಾಕಿಸಿದ್ದರು. ಚೆಂಡು ಮೊದಲಿನ ಹಾಗೆ ಪುಟಿದು ಓಡದೆ ನಿಲ್ಲುತ್ತಿತ್ತು, ಹಾಗಾಗಿ ಬರೀ ಓಟದ ಮೇಲೆ ಗೋಲು ಹೊಡೆಯುತ್ತಿದ್ದವರ ಬೆಲೆ ಅಲ್ಲಿ ಇಳಿಯಲೇಬೇಕು. ಸೇಡಂ ತಂಡದ ತಾಲೀಮು ಬೆಳಗಿಗೆ ಬದಲಾಗಿತ್ತು, ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಇದ್ದವರು ಬರುತ್ತಿರಲಿಲ್ಲ. ಶಹಾಬಾದಿನ ಗೋಲಿನ ಮುಂದೆ ನಿಲ್ಲುತ್ತಿದ್ದ ಗಟ್ಟಿ ಆಳುಗಳಿಬ್ಬರು ಕೆಲಸಕ್ಕೆಂದು ಊರು ಬಿಟ್ಟಿದ್ದರು.

ಇನ್ನು ವಾಡಿ. ಮಹೇಶಕುಮಾರ ಇರುವುದು ಶಹಾಬಾದಿನಲ್ಲಾದರೂ ಮೊದಲಿಂದ ಆಡುತ್ತಿದ್ದದ್ದು ವಾಡಿಗೇ. ವಾಡಿಯ ಎಡಗಡೆ ಓಡುತ್ತಿದ್ದ ಚನ್ನು ಸೇಡಂನಲ್ಲಿ ಕೆಲಸಕ್ಕೆ ಸೇರಿ ಆ ಊರಿನ ತಂಡಕ್ಕೇ ಹೋಗಿಬಿಟ್ಟಿದ್ದ. ಮಹೇಶಕುಮಾರ ಹೊಡೆದ ಗೋಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚನ್ನುವಿನ ಎಡಗಾಲಿನಿಂದ ಬಂದವು. ಚನ್ನು ಮೂಲೆಯ ತನಕ ಓಡಿ ಚೆಂಡನ್ನು ಕೆಳಗಿಂದಲೇ ಅಡ್ಡ ತಳ್ಳುತ್ತಿದ್ದ, ಮಹೇಶ ಕಾಲು ಚಾಚಿದರೆ ಮುಗಿಯಿತು. ಅದರ ಮೇಲೆ ಹೊಸ ಕೋಚ್ ಬಂದಿದ್ದರು. ದೇವಾನಂದ ಎಂಬ ವ್ಯಾಯಾಮದ ಮಾಸ್ತರು. ಅವರು ಸನ್ನತಿಯ ಕಡೆಯ ಎತ್ತರದ ಹುಡುಗ ವಿಠೋಬಾನನ್ನು ಮುಂದೆ ನಿಲ್ಲಿಸಿ, ಮಹೇಶಕುಮಾರನನ್ನು ಮೈದಾನದ ನಡುವಿಗೆ ಇಳಿಸಬೇಕೆಂದಿದ್ದರು. ಮಹೇಶನಿಗೆ ಆಟದ ಕಣ್ಣಿದೆ, ಅವನು ಚೆಂಡು ಹಂಚಲಿ ಎಂಬುದು ಅವರ ವಿಚಾರ.

ಗೋಲಿನಿಂದ ಅಷ್ಟು ದೂರ ನಿಂತು, ಚೆಂಡು ಕೊಡುವವನೂ ಇಲ್ಲದೆ, ಅಳಿಯ ಎಷ್ಟು ಗೋಲು ಹೊಡೆದಾನು? ಗುರುಲಿಂಗಯ್ಯನವರು ಯೋಚಿಸಿ ಯೋಚಿಸಿ ಎಂಟು ಹಾಕಿದರು. ಬೇರೆ ಯಾರದ್ದೇ ಅಳಿಯನಾಗಿದ್ದರೆ ಏಳು ಹಾಕುತ್ತಿದ್ದರು.

ಬೆಲೆಗಳು ಫೋನಿನಲ್ಲಿ ಬಂದ ಮರುದಿನವೇ ಮನೆಯ ಬಾಗಿಲಿಗೆ ಜನ ಬರತೊಡಗಿದರು. ಒಬ್ಬ ತನಗೆ ಐದು ಯಾಕೆ, ತನ್ನ ತಮ್ಮನಿಗೆ ಆರು ಯಾಕೆ ಎಂದು ಕೇಳಿದ. ಇನ್ನೊಬ್ಬನ ಮದುವೆ ಮಾತುಕತೆ ನಡೆದಿತ್ತಂತೆ, ಹೆಣ್ಣಿನ ಕಡೆಯವರು ಫೋನಿನಲ್ಲಿ ನೋಡಿ ನಿಮ್ಮ ಹುಡುಗ ನಾಲ್ಕಂತಲ್ಲ ಎಂದರಂತೆ. ಅವರಿಗೆಲ್ಲ ಗುರುಲಿಂಗಯ್ಯನವರು ಚಹಾ ಕೊಟ್ಟು ಕೂರಿಸಿ, ಇದು ಮನುಷ್ಯನ ಬೆಲೆ ಅಲ್ಲ, ಈ ವರ್ಷ ತಂಡದಲ್ಲಿ ಆದ ಬದಲಾವಣೆಯ ಲೆಕ್ಕ ಎಂದು ಬಿಡಿಸಿ ಹೇಳಿದರು. ಕೇಳಿದವರು ತಲೆಯಾಡಿಸಿ, ಚಹಾ ಕುಡಿದು, ಎದ್ದು ನಿಂತು, ಹಾಗಾದರೆ ನನ್ನದು ಐದೇನಾ ಎಂದು ಮತ್ತೆ ಕೇಳುತ್ತಿದ್ದರು.

ಕಡಿಮೆಯಾದವರ ಸಿಟ್ಟು ಹೋಗಲಿ, ಹೆಚ್ಚಾದವರೂ ಬಂದರು. ಶಹಾಬಾದಿನ ಗೋಲ್‌ಕೀಪರ್ ಅಂಬಾರಾಯನ ಬೆಲೆಯನ್ನು ಅವರು ಏರಿಸಿದ್ದರು. ಮುಂದೆ ತಡೆಯುವವರು ಇಲ್ಲದ ಮೇಲೆ ಚೆಂಡೆಲ್ಲ ಅವನ ಮೇಲೇ ಬರುತ್ತವೆ, ತಡೆದಷ್ಟೂ ಪಾಯಿಂಟು ಎಂಬ ಲೆಕ್ಕ. ಅವನ ತಾಯಿ ದಾನಮ್ಮ ಸಂತೆಗೆ ಬಂದವರು ಹಾಗೇ ಮನೆ ಹುಡುಕಿಕೊಂಡು ಬಂದರು. ಅಯ್ಯನವರು ಬೆಲೆ ಏರಿಸಿದ್ದು ಸಂತೋಷ, ಆದರೆ ಏರಿಸಿದ ಕಾರಣ ಕೇಳಿ ಎದೆ ಒಡೆಯಿತು ಎಂದರು.

"ನನ್ನ ಮಗನ ಮೈಮ್ಯಾಲ ಭಾಳ ಚೆಂಡು ಬೀಳ್ತಾವ ಅಂತ ಗೊತ್ತಿದ್ದೂ ಏರಿಸೀರಿ ಅಂದ್ರ, ಅದ್ಯಾವ ಏರಿಕಿರೀ ಅಯ್ನೋರ?" ಎಂದು ಕೇಳಿದರು.

ಗುರುಲಿಂಗಯ್ಯನವರು ಬೇಕಾದರೆ ಇಳಿಸುತ್ತೇನೆ ಎಂದರು. ಇಳಿಸಬೇಡಿ ಎಂದು ಹೇಳಿ ದಾನಮ್ಮ ಹೋದರು.

ವಿಮಲಾಬಾಯಿ ಚಹಾದ ಕಪ್ಪುಗಳನ್ನು ತೊಳೆದು ತೊಳೆದು ಸಾಕಾಗಿದ್ದರು. ಊರ ಮಂದಿಯ ಮಕ್ಕಳಿಗೆ ಏನಾದರೂ ಹಾಕಿಕೊಳ್ಳಲಿ, ಮನೆಯ ಅಳಿಯನಿಗೆ ಕಡಿಮೆ ಹಾಕುವವರನ್ನು ತಾನು ಎಲ್ಲೂ ಕಂಡಿಲ್ಲ ಎಂದು ಅವರು ಅಡುಗೆಮನೆಯಿಂದಲೇ ಹೇಳುತ್ತಿದ್ದರು. ಚನ್ನು ಹೋದ ಸಂಗತಿಯನ್ನು ಗಂಡ ವಿವರಿಸಲು ಹೋದರೆ, ಚನ್ನು ಹೋದರೆ ಚನ್ನುವಿನ ಬೆಲೆ ಇಳಿಸಬೇಕು, ನಮ್ಮ ಅಳಿಯ ಎಲ್ಲಿಗೆ ಹೋಗಿದ್ದಾನೆ ಎಂದರು. ಗುರುಲಿಂಗಯ್ಯನವರು ಎದ್ದು ಸ್ಟೇಷನ್ನಿನ ಕಡೆ ನಡೆದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದವನೊಬ್ಬ ಜಾಗ ಬಿಟ್ಟುಕೊಟ್ಟು, ಅಯ್ಯನವರೇ, ಚಿತ್ತಾಪುರದ ಸೆಂಟರ್ ಹಾಫ್‌ನನ್ನು ತಗೊಳ್ಳಬಹುದಾ ಎಂದು ಕೇಳಿದ.

ಕಪ್ ಶುರುವಾಯಿತು. ಮೊದಲ ಪಂದ್ಯದಲ್ಲೇ ಮಹೇಶಕುಮಾರ ಎರಡು ಗೋಲು ಹೊಡೆದ. ಎರಡನೆಯದರಲ್ಲಿ ಮತ್ತೆ ಎರಡು. ಎಂಟಕ್ಕೆ ಸಿಕ್ಕಿದ್ದಾನೆಂದು ಆರಿಸಿಕೊಂಡವರು ಕುಣಿದರು, ಅಯ್ಯನವರ ಮಾತು ನಂಬಿ ಬಿಟ್ಟವರು ಕೆಂಡವಾದರು. ಗುರುಲಿಂಗಯ್ಯನವರು ಮೈದಾನದ ಅಂಚಿನಲ್ಲಿ ಹಾದುಹೋದರೆ ಹಿಂದಿನಿಂದ ಯಾರೋ ಎಂಟು ಎಂಟು ಎನ್ನುತ್ತಿದ್ದರು.

ಆದರೆ ಮೈದಾನದಲ್ಲಿ ಏನಾಗುತ್ತಿದೆ ಎಂಬುದು ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಮಹೇಶಕುಮಾರ ಕೋಚ್ ಹೇಳಿದ ಜಾಗದಲ್ಲಿ ನಿಲ್ಲುತ್ತಲೇ ಇರಲಿಲ್ಲ. ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೆ ಗೋಲಿನ ಮುಂದೆ ಹೋಗಿ ವಿಠೋಬಾನ ಪಕ್ಕದಲ್ಲೇ ನಿಂತು ಚೆಂಡಿಗೆ ಕೈಯೆತ್ತುತ್ತಿದ್ದ. ಚೆಂಡು ಸಿಕ್ಕರೆ ಯಾರಿಗೂ ಕೊಡದೆ ಹೊಡೆಯುತ್ತಿದ್ದ. ಹತ್ತರಲ್ಲಿ ಒಂದು ಒಳಗೆ ಹೋಗುತ್ತಿತ್ತು, ಉಳಿದವು ಕೀಪರನ ಕೈಗೆ, ಇಲ್ಲವೇ ಜಾಲಿಯ ಗಿಡಕ್ಕೆ. ನಡುವೆ ಮೈದಾನ ಬಯಲಾಗಿ ಎದುರಿನವರು ಆರಾಮಾಗಿ ನುಗ್ಗುತ್ತಿದ್ದರು. ಮಹೇಶ ಎರಡು ಗೋಲು ಹೊಡೆದ ಎರಡೂ ಪಂದ್ಯಗಳಲ್ಲಿ ವಾಡಿ ಸೋತಿತ್ತು.

ಗುರುಲಿಂಗಯ್ಯನವರಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ತಮ್ಮ ಲೆಕ್ಕ ಸುಳ್ಳು ಮಾಡಬೇಕೆಂದೇ ಅಳಿಯ ಹೀಗೆ ಆಡುತ್ತಿದ್ದಾನೆ ಎಂಬುದು ಸ್ಪಷ್ಟವಿತ್ತು. ತಾವು ಹಾಕಿದ ಒಂದು ಅಂಕಿ ಮೈದಾನಕ್ಕೆ ಇಳಿದು, ತಾವು ಹರೆಯದಿಂದ ಕಣ್ಣಲ್ಲಿಟ್ಟು ನೋಡಿದ ತಂಡವನ್ನೇ ಸೋಲಿಸುತ್ತಿತ್ತು. ಕೊನೆಗೆ ಒಂದು ಮುಂಜಾನೆ ಗಾಡಿ ಹತ್ತಿ ಶಹಾಬಾದಿಗೆ ಹೋದರು.

ಮಹೇಶಕುಮಾರ ಅಲ್ಲಿ ಕಲ್ಲಿನ ಪಾಲಿಶ್ ಯೂನಿಟ್ಟಿನಲ್ಲಿ ಮೆಕ್ಯಾನಿಕ್. ಮಾವ ಬಂದದ್ದನ್ನು ಕಂಡು ಮಷಿನ್ ನಿಲ್ಲಿಸಿದ. ಕೈ ಒರೆಸಿಕೊಂಡು, ಕೂರಲು ಒಂದು ಕುರ್ಚಿ ತಂದಿಟ್ಟ. ತಾನು ಕೂರಲಿಲ್ಲ. ಊರ ಕಡೆಯ ಸುದ್ದಿ, ಮೊಣಕಾಲಿನ ಸುದ್ದಿ ಮುಗಿದ ಮೇಲೆ ಗುರುಲಿಂಗಯ್ಯನವರು ಮಾತಿಗೆ ಬಂದರು.

"ನಾ ನಿಮಗ ಕಮ್ಮಿ ಹಾಕಿಲ್ರಿ. ನಿಮ್ಮ ಸುತ್ತ ಏನು ಬದಲಾಗ್ಯದ, ಅದಕ್ಕ ಹಾಕೀನಿ. ಚನ್ನು ಇಲ್ಲ, ಜಾಗಾ ಬ್ಯಾರೆ ಆಗ್ಯದ."

"ಸುತ್ತಲಿಂದು ಯಾರು ನೋಡ್ತಾರ್ರೀ ಮಾಮಾ," ಎಂದ ಮಹೇಶಕುಮಾರ. "ಫೋನಿನಾಗ ನನ್ನ ಹೆಸರದ, ಬಾಜೂಕ ಎಂಟು ಅದ. ಇಲ್ಲಿ ಕಲ್ಲು ಇಳಿಸೋರು ಸುದ್ದಾ ನನಗ ಎಂಟು ಅಂತ ಕರೀಲಿಕತ್ತಾರ. ಬ್ಯಾರೆ ಯಾರರೆ ಹಾಕಿದ್ರ ನಡೀತಿತ್ತು. ನೀವು ಹಾಕೀರಿ ಅಂದ ಮ್ಯಾಲ ಮಂದಿ ಖರೇನೇ ಅಂತಾರ."

ಮಹೇಶಕುಮಾರ ಮುಂದುವರಿಸಿದ.

"ಮತ್ತ ನಾ ಗೋಲು ಹೊಡದೀನಿಲ್ರಿ? ಹೊಡದೀನಿ. ಹಂಗಾದ್ರ ನಿಮ್ಮ ಲೆಕ್ಕ ತಪ್ಪಾತು."

"ತಪ್ಪಾತು," ಎಂದರು ಗುರುಲಿಂಗಯ್ಯನವರು. "ನೀವು ಕೋಚ್ ಹೇಳಿದಂಗ ಕೇಳ್ತೀರಿ ಅಂತ ಹಿಡಕೊಂಡು ಲೆಕ್ಕ ಹಾಕಿದ್ದೆ."

ಆ ಮಾತು ಬಾಯಿಂದ ಬಿದ್ದ ಕೂಡಲೇ ಅದನ್ನು ಆಡಬಾರದಿತ್ತು ಎಂದು ಅವರಿಗೆ ಅನ್ನಿಸಿತು. ಮಹೇಶಕುಮಾರ ಚಹಾ ತರಿಸುತ್ತೇನೆ ಎಂದ, ತರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಯಾರೋ ಕರೆದರು, ಅವನು ಹೋಗಿ ಮಷಿನ್ ಶುರು ಮಾಡಿದ. ಅದರ ಸದ್ದಿನಲ್ಲಿ ಮಾತಾಡುವ ಹಾಗಿರಲಿಲ್ಲ. ಮಗಳ ಮನೆ ಹತ್ತಿರದಲ್ಲೇ ಇದ್ದರೂ ಅಲ್ಲಿಗೆ ಹೋಗುವ ಧೈರ್ಯವಾಗದೆ ಗುರುಲಿಂಗಯ್ಯನವರು ಸ್ಟೇಷನ್ನಿಗೆ ವಾಪಸು ಬಂದರು. ವಾಡಿಯ ತನಕ ನಿಂತೇ ಬಂದರು. ಆಡಿದ ಮಾತು ಕೆಟ್ಟದ್ದು ಎಂದು ತಮ್ಮ ಮೇಲೆ ಸಿಟ್ಟು, ಆದರೆ ಅದು ನಿಜವಾಗಿದ್ದಕ್ಕೆ ಇನ್ನೂ ಹೆಚ್ಚು ಸಿಟ್ಟು.

ಮುಂದಿನ ಪಂದ್ಯ ಚಿತ್ತಾಪುರದಲ್ಲಿ. ಕೊನೆಯ ಹೊತ್ತಿನವರೆಗೂ ಯಾರದ್ದೂ ಗೋಲಿಲ್ಲ. ಆಗ ಮಹೇಶಕುಮಾರ ಬಲಗಡೆಯಿಂದ ಚೆಂಡು ತಗೊಂಡು ಒಳನುಗ್ಗಿದ. ವಿಠೋಬಾ ಗೋಲಿನ ಎದುರು ಒಬ್ಬನೇ ನಿಂತಿದ್ದ, ಅವನ ಹತ್ತಿರ ಯಾರೂ ಇರಲಿಲ್ಲ. ಮೈದಾನದ ಸುತ್ತ ನಿಂತವರೆಲ್ಲ ಕೊಡು ಕೊಡು ಎಂದರು. ಮಹೇಶ ಕೊಡಲಿಲ್ಲ, ಓರೆಯಿಂದ ತಾನೇ ಹೊಡೆದ. ಕೀಪರ್ ಹಿಡಿದುಕೊಂಡು ಉದ್ದಕ್ಕೆ ಎಸೆದ. ಚಿತ್ತಾಪುರದವರು ಅದೇ ಚೆಂಡನ್ನು ತಗೊಂಡು ಹೋಗಿ ಗೋಲು ಹೊಡೆದರು.

ದೇವಾನಂದ ಮಾಸ್ತರು ಬೈಯಲಿಲ್ಲ. ಮಹೇಶಕುಮಾರನನ್ನು ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸಿದರು. ಶಹಾಬಾದಿನ ವಿರುದ್ಧದ ಪಂದ್ಯಕ್ಕೂ ಅವನು ಹೊರಗೇ ಕೂತ. ತನ್ನ ಊರಿನ ಜನ ಎದುರಿಗೆ ಇರುವಾಗ ತಲೆಗೆ ಟವೆಲ್ ಹಾಕಿಕೊಂಡು ಕೂತಿದ್ದ. ಅವನಿಲ್ಲದೆ ವಾಡಿ ಸರಿಹೋಯಿತು ಅಂತೇನೂ ಅಲ್ಲ. ಚೆಂಡು ಹಂಚುವವರು ಯಾರೂ ಇರಲಿಲ್ಲ, ವಿಠೋಬಾ ಮುಂದೆ ಕಂಬದ ಹಾಗೆ ನಿಂತೇ ಇದ್ದ. ಮಧ್ಯಂತರಕ್ಕೆ ಶಹಾಬಾದ್ ಒಂದು ಗೋಲು ಮುಂದಿತ್ತು.

ಆ ಹೊತ್ತಿನಲ್ಲಿ ಮಾಸ್ತರು ಮಹೇಶಕುಮಾರನ ಪಕ್ಕ ಹೋಗಿ ಕೂತು ಏನೋ ಹೇಳಿದರು. ಏನು ಹೇಳಿದರು ಎಂದು ಗುರುಲಿಂಗಯ್ಯನವರು ಆಮೇಲೆ ಬಹಳ ಜನರನ್ನು ಕೇಳಿದರು, ಯಾರಿಗೂ ಗೊತ್ತಿರಲಿಲ್ಲ. ಮಹೇಶಕುಮಾರ ಎದ್ದು ಬೂಟಿನ ಲೇಸು ಕಟ್ಟಿಕೊಂಡು ಒಳಗೆ ಹೋದ. ಈ ಸಲ ನಡುವಿನಲ್ಲೇ ನಿಂತ. ತಲೆಯೆತ್ತಿ ನೋಡಿ, ಎಡಕ್ಕೆ ಒಂದು, ಬಲಕ್ಕೆ ಒಂದು ಚೆಂಡು ಕಳಿಸತೊಡಗಿದ. ಮೈದಾನ ಇದ್ದಕ್ಕಿದ್ದಂತೆ ದೊಡ್ಡದಾದ ಹಾಗೆ ಕಂಡಿತು. ಒಂದು ಚೆಂಡನ್ನು ಇಬ್ಬರ ನಡುವಿನ ಸಂದಿಯಿಂದ ವಿಠೋಬಾನ ಕಾಲಿಗೇ ಇಟ್ಟ. ಗೋಲು. ಇನ್ನೊಂದನ್ನು ಎತ್ತರಕ್ಕೆ ಹಾಕಿದ, ವಿಠೋಬಾ ತಲೆಯಿಂದ ಹೊಡೆದ. ಅಂಬಾರಾಯ ಹಾರಿದರೂ ಸಿಗಲಿಲ್ಲ. ವಾಡಿ ಗೆದ್ದಿತು. ಗುರುಲಿಂಗಯ್ಯನವರು ಮೊಣಕಾಲು ಮರೆತು ಎದ್ದು ನಿಂತಿದ್ದರು.

ಆ ಸಂತೋಷ ಮನೆ ತಲುಪುವ ತನಕವೂ ಉಳಿಯಲಿಲ್ಲ. ಫ್ಯಾಂಟಸಿಯಲ್ಲಿ ಗೋಲಿಗೆ, ಕೀಪರ್ ತಡೆದದ್ದಕ್ಕೆ ಮಾತ್ರ ಪಾಯಿಂಟು, ಚೆಂಡು ಕೊಟ್ಟವನಿಗೆ ಏನೂ ಇಲ್ಲ. ಆ ದಿನ ಮಹೇಶಕುಮಾರನಿಗೆ ಸೊನ್ನೆ. ಮೊದಲಿನ ಗೋಲುಗಳನ್ನು ನೋಡಿ ಎರಡರಷ್ಟು ಪಾಯಿಂಟಿನ ಆಸೆಗೆ ಅವಸರದಲ್ಲಿ ಅವನನ್ನು ಕ್ಯಾಪ್ಟನ್ ಮಾಡಿಕೊಂಡವರೆಲ್ಲ ಈಗ ಬಾಗಿಲಿಗೆ ಬಂದರು. ಅವನು ಚೆನ್ನಾಗಿ ಆಡುತ್ತಾನೆಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಮೊದಲ ಪಂದ್ಯಗಳಾದಾಗ ಕೇಳಿದವರೇ, ಹೀಗೆ ಆಡುತ್ತಾನೆಂದು ಯಾಕೆ ಹೇಳಲಿಲ್ಲ ಎಂದು ಈ ವಾರ ಕೇಳಿದರು. ಹೇಳಿದ್ದೆನಲ್ಲ, ಅದಕ್ಕೇ ಎಂಟು ಹಾಕಿದ್ದು ಎಂದರೆ, ಸೊನ್ನೆ ಬರುವುದಾದರೆ ಎಂಟು ಹೆಚ್ಚಾಯಿತು ಎಂದರು. ವಿಮಲಾಬಾಯಿ ಹೊರಬಂದು, ಇನ್ನು ಈ ಮನೆಯಲ್ಲಿ ಚಹಾ ಇಲ್ಲ ಎಂದು ತಣ್ಣಗೆ ಹೇಳಿ ಬಾಗಿಲು ಮುಂದೆ ಮಾಡಿದರು.

ಗುರುಲಿಂಗಯ್ಯನವರು ಹಿತ್ತಲ ಬಾಗಿಲಿನಿಂದ ತಾರೀಕನ ಅಂಗಡಿಗೆ ಹೋದರು. ಗೋಲಿಗೆ ಚೆಂಡು ಕೊಟ್ಟವನಿಗೂ ಪಾಯಿಂಟು ಇಡು ಎಂದರು. ತಾರೀಕ ಬಿಚ್ಚಿಟ್ಟ ಫೋನಿನ ಮೇಲಿಂದ ಕಣ್ಣು ತೆಗೆಯದೆ, ಕಪ್ಪಿನ ನಡುವೆ ನಿಯಮ ಬದಲಿಸಿದರೆ ಅಂಗಡಿಗೆ ಕಲ್ಲು ಬೀಳುತ್ತವೆ ಎಂದ. ಗುರುಲಿಂಗಯ್ಯನವರು ಬಿಡಲಿಲ್ಲ.

"ಗೋಲು ಎಲ್ಲರಿಗೂ ಕಾಣ್ತದರೀ ಕಾಕಾ," ಎಂದ ತಾರೀಕ. "ಪಾಸ್ ಯಾರು ಕೊಟ್ಟಾರ ಅಂತ ನಿಮಗಷ್ಟೇ ಕಾಣ್ತದ. ನಾಳಿ ಅದಕ್ಕೂ ನಿಮ್ಮ ಮನಿ ಮುಂದೇ ಬಂದು ನಿಂದರ್ತಾರ. ಬೇಕೇನ್ರಿ?"

ಬೇಡ ಎಂದು ಗುರುಲಿಂಗಯ್ಯನವರು ಒಪ್ಪಿದರು. ಅಲ್ಲೇ ನಿಂತು, ಬೆಲೆ ಕಟ್ಟುವ ಕೆಲಸವನ್ನೂ ಬಿಟ್ಟೆ, ಮುಂದಿನ ವರ್ಷಕ್ಕೆ ಬೇರೆ ಯಾರನ್ನಾದರೂ ನೋಡಿಕೋ ಎಂದರು. ತಾರೀಕನಿಗೆ ಬೇಸರವಾಯಿತು. ಮಂದಿಯಿಂದ ಓಟು ಹಾಕಿಸಿ ಬೆಲೆ ಕಟ್ಟೋಣ ಎಂದ. ಅದರಿಂದ ಎಲ್ಲರೂ ತಮ್ಮ ತಮ್ಮ ಊರಿನವರಿಗೆ ಹದಿನೈದು ಹಾಕುತ್ತಾರೆ ಎಂದು ಗುರುಲಿಂಗಯ್ಯನವರಿಗೆ ಗೊತ್ತಿತ್ತು. ಹೇಳಲಿಲ್ಲ.

ವಾಡಿ ಆಮೇಲೆ ಒಂದು ಪಂದ್ಯವನ್ನೂ ಸೋಲಲಿಲ್ಲ, ಆದರೆ ಮೊದಲಿನ ಸೋಲುಗಳು ಭಾರವಾದವು. ಕಪ್ ಸೇಡಂಗೆ ಹೋಯಿತು. ಕೊನೆಯ ಪಂದ್ಯದಲ್ಲಿ ಚನ್ನು ಮೂಲೆಯ ತನಕ ಓಡಿ ಎಂದಿನ ಹಾಗೆ ಚೆಂಡು ಅಡ್ಡ ತಳ್ಳಿದ, ಬೇರೆ ಯಾರೋ ಕಾಲು ಚಾಚಿದರು.

ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಒಂದು ರವಿವಾರ ಮಗಳು, ಅಳಿಯ ಇಬ್ಬರೂ ಬಂದರು. ಮೊದಲೇ ಹೇಳಿರಲಿಲ್ಲ. ವಿಮಲಾಬಾಯಿ ಅವಸರದಲ್ಲಿ ರೊಟ್ಟಿ ಬಡಿದರು, ಪುಂಡಿಪಲ್ಲೆ ಮಾಡಿದರು. ಗಂಡಸರಿಬ್ಬರೂ ಊಟಕ್ಕೆ ಕೂತು ಬಿಸಿಲಿನ ಮಾತಾಡಿದರು, ನೀರಿನ ಮಾತಾಡಿದರು. ಎರಡನೆಯ ರೊಟ್ಟಿಗೆ ಮಹೇಶಕುಮಾರ ತಲೆಯೆತ್ತದೆ, ಸೇಡಂನಲ್ಲಿ ಚನ್ನುವಿಗೆ ಪಾಳಿಯ ತೊಂದರೆಯಂತೆ, ವಾಡಿಗೇ ಬಂದು ಆಡುತ್ತೇನೆ ಅನ್ನುತ್ತಿದ್ದಾನಂತೆ ಎಂದ. ತಾನು ಅದನ್ನೆಲ್ಲ ಬಿಟ್ಟಿದ್ದೇನೆ ಎಂದರು ಗುರುಲಿಂಗಯ್ಯನವರು. ರೊಟ್ಟಿಗೆ ಪಲ್ಲೆ ಹಚ್ಚಿಕೊಂಡು, ಚನ್ನು ಬಂದರೂ ಮಹೇಶ ನಡುವೆಯೇ ನಿಂತರೆ ವಿಠೋಬಾನ ಬೆಲೆ ಏರುತ್ತದೆ, ಮಹೇಶನದಲ್ಲ ಎಂದರು.

"ಹಂಗಾದ್ರ ನನಗ ಎಷ್ಟು ಹಾಕ್ತಿದ್ರಿ ಮಾಮಾ?"

"ಬ್ಯಾಡ ಬಿಡ್ರಿ."

"ಹೇಳ್ರಿ. ಫೋನಿನಾಗ ಇಲ್ಲಲ್ಲ, ಮನಿಯಾಗೇ ಅದೀವಿ."

"ಆರು," ಎಂದರು ಗುರುಲಿಂಗಯ್ಯನವರು.

ವಿಮಲಾಬಾಯಿ ಒಲೆಯ ಮುಂದೆ ಹಣೆ ಹಿಡಿದುಕೊಂಡರು. ಮಹೇಶಕುಮಾರ ರೊಟ್ಟಿ ಮುರಿಯುತ್ತ, ಆರು ಸರಿ ಇದೆ, ಕೋಚ್ ಕೂಡ ಗೋಲಿನ ಆಸೆ ಬಿಡು ಅಂದಿದ್ದಾರೆ ಎಂದ. ಗುರುಲಿಂಗಯ್ಯನವರಿಗೆ ಎದೆ ಹಗುರಾಯಿತು. ಇದೇ ಮಾತನ್ನು ಅರ್ಥ ಮಾಡಿಕೊಳ್ಳದೆ ಮನೆಯವರೆಲ್ಲ ತಮ್ಮನ್ನು ಎಷ್ಟು ಕಾಡಿದರು ಎಂದು ಅವರು ಮಗಳ ಕಡೆ ನೋಡಿ ಹೇಳತೊಡಗಿದರು. ಭಾಗ್ಯಜ್ಯೋತಿ ಮಜ್ಜಿಗೆ ಬಡಿಸುತ್ತಿದ್ದಳು. ತನಗೆ ಅದು ಮೊದಲಿಂದಲೂ ಗೊತ್ತಿತ್ತು, ತಾನೂ ಫೋನಿನಲ್ಲಿ ತಂಡ ಮಾಡಿದ್ದೆ, ಇವರನ್ನು ಆರಿಸಿರಲಿಲ್ಲ ಎಂದಳು.

ಮಹೇಶಕುಮಾರ ಊಟ ನಿಲ್ಲಿಸಿ ಹೆಂಡತಿಯ ಮುಖ ನೋಡಿದ.

"ಎಂಟು ಭಾಳ ಆತು ಅನ್ನಿಸ್ತು ನನಗ," ಎಂದಳು ಭಾಗ್ಯಜ್ಯೋತಿ. "ವಿಠೋಬಾಗ ತಗೊಂಡಿದ್ದೆ."

"ಮತ್ತ ನನ್ನ ಜೋಡಿ ಮಾತು ಯಾಕ ಬಿಟ್ಟಿದ್ದಿ ಅವ್ವಾ?" ಎಂದು ಗುರುಲಿಂಗಯ್ಯನವರು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

"ಅದು ಬ್ಯಾರೆ ಮಾತರೀ ಅಪ್ಪಾಜಿ. ನಾ ನನ್ನ ಫೋನಿನಾಗ ಇವರಿಗ ಬಿಟ್ಟೆ. ನೀವು ಐದೂರ ಮಂದಿ ಮುಂದ ಎಂಟು ಹಾಕಿದ್ರಿ."

ಗುರುಲಿಂಗಯ್ಯನವರು ಏನೋ ಹೇಳಲು ಬಾಯಿ ತೆರೆದರು. ವಿಮಲಾಬಾಯಿ ಇನ್ನೊಂದು ರೊಟ್ಟಿ ತಂದು ಅವರ ತಾಟಿಗೆ ಹಾಕಿ, ಮೊದಲು ಊಟ ಮಾಡಿ ಎಂದರು. ಅವರು ಊಟ ಮಾಡಿದರು.